ಸಮಿತಿಯವರು ಮಾತಾಡಿಸಲು ಹೋದ ಮನೆ

ಈ ವರ್ಷ ಎಂ.ಎ. ಸೇರಿದ ಹುಡುಗಿಯೊಬ್ಬಳು ಗ್ರಂಥಾಲಯದ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಕೇಳಿದಳು: “ಅಕ್ಕಾ, ನಮ್ಮ ಭೂಗೋಳ ಸಂಘದ ಸಮಿತಿ ಸೇರಿದ್ರ ಏನ ಸಿಗತೈತ್ರಿ?”

“ಪ್ರಮಾಣಪತ್ರ ಸಿಗತೈತಿ. ಕಾರ್ಯಕ್ರಮ ಇದ್ದ ದಿನ ಚಹಾ ಎರಡು ಸಲ ಸಿಗತೈತಿ,” ಅಂದೆ.

ಅವಳು ನಕ್ಕು ಬಸ್ಸಿಗೆ ಓಡಿದಳು. ನಾನೀಗ ಅದೇ ವಿಭಾಗದಲ್ಲಿ ಸಂಶೋಧನೆಗೆ ಸೇರಿದ್ದೇನೆ. ಹೊಸಬರು ಇಂಥ ಪ್ರಶ್ನೆ ಕೇಳುವುದು ನನ್ನನ್ನೇ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ನನಗೆ ಸಿಕ್ಕಿದ್ದನ್ನು ಮೆಟ್ಟಿಲ ಮೇಲೆ ನಿಂತು ಹೇಳಲು ಆಗುತ್ತಿರಲಿಲ್ಲ. ಆ ವರ್ಷದ ದಿನಚರಿಯನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಅದರಲ್ಲಿ ಬಸ್ಸಿನ ವೇಳೆ ಇದೆ, ಬಂದವರ ಲೆಕ್ಕ ಇದೆ. ನಡೆದದ್ದು ಮಾತ್ರ ಬಹಳ ಕಡಿಮೆ ಇದೆ.

ನಾನು ಸಮಿತಿ ಸೇರಿದ್ದು ಎಂ.ಎ. ಎರಡನೇ ವರ್ಷದ ಆಗಸ್ಟಿನಲ್ಲಿ. ಹೈಸ್ಕೂಲಿನಿಂದಲೂ ದಿನಚರಿ ಬರೆಯುವ ಚಟ ನನಗೆ. ವಿಭಾಗದ ಮೇಡಂ ಒಮ್ಮೆ ಅದನ್ನು ಕಂಡು, “ನೀನ ಕಾರ್ಯದರ್ಶಿ ಆಗು. ಹ್ವಾದ ವರ್ಷದ ಹುಡುಗ ನಡಾವಳಿ ಬರದದ್ದು ಎರಡ ಪುಟ, ಅದರಾಗ ಅರ್ಧ ಪುಟ ಅವನ ಸಹಿನ ಐತಿ,” ಅಂದರು. ಬೆಳಗಾವಿ ಖಾಸಬಾಗದ ನಮ್ಮ ಮನೆಯಲ್ಲಿ ಸುದ್ದಿ ಹೇಳಿದಾಗ ಅವ್ವ ಕೇಳಿದಳು: “ಪಗಾರ?”

“ಇಲ್ಲ.”

“ಬಸ್ಸಿನ ಖರ್ಚು?”

“ಅದೂ ಇಲ್ಲ.”

“ಹಂಗಾರ ಕಾರ್ಯದರ್ಶಿ ಅಂತ ಯಾಕ ಅಂತಾರ? ಆಳು ಅನ್ನಲಿ,” ಅಂದವಳೇ ರೊಟ್ಟಿ ಬಡಿಯಲು ಕೂತಳು.

ನಾನು ಒಪ್ಪಿಕೊಂಡದ್ದಕ್ಕೆ ಬೇರೆಯೇ ಕಾರಣ ಇತ್ತು. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನನಗೆ ಆಗುತ್ತಿರಲಿಲ್ಲ. ಕಾರ್ಯದರ್ಶಿ ಅಂದರೆ ಬರೆಯುವವಳು. ಬರೆಯುವವಳನ್ನು ಯಾರೂ ಮಾತಾಡು ಅನ್ನುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

ಮಾತಾಡಲು ನಮ್ಮಲ್ಲಿ ಇಬ್ಬರಿದ್ದರು. ಒಬ್ಬ ಅಧ್ಯಕ್ಷ, ಸವದತ್ತಿ ಕಡೆಯವನು, ವಯಸ್ಸಿನಲ್ಲಿ ನಮಗಿಂತ ದೊಡ್ಡವನು. ಎರಡು ವರ್ಷ ಊರಲ್ಲಿ ಒಕ್ಕಲುತನ ಮಾಡಿ ಆಮೇಲೆ ಓದಲು ಬಂದವನು. ಇನ್ನೊಬ್ಬಳು ಖಾನಾಪುರದ ಗೆಳತಿ. ಅವರ ಮನೆಮಾತು ಮರಾಠಿ. ಕನ್ನಡ ಅವಳಿಗೆ ಶಾಲೆಯಲ್ಲಿ ಬಂದದ್ದು. ಆದರೂ ಕಾರ್ಯಕ್ರಮಗಳ ನಿರೂಪಣೆ ಅವಳದೇ. ಮೈಕಿನ ಮುಂದೆ ನಿಂತು ಅವಳು ಆಡುವ ಕನ್ನಡ ನಮ್ಮೆಲ್ಲರದಕ್ಕಿಂತ ತಿಳಿಯಾಗಿತ್ತು. “ನಾವು ಹುಟ್ಟಿಂದ ಆಡಿ ಕೆಡಿಸೇವಿ, ಇಕಿ ತೊಳದ ಇಟ್ಟಾಳ,” ಎಂದು ಅಧ್ಯಕ್ಷ ಚೇಷ್ಟೆ ಮಾಡುತ್ತಿದ್ದ. ಅವಳ ತಂದೆ ರೈಲ್ವೆಯಲ್ಲಿ ಹಳಿ ನೋಡುವ ಕೆಲಸದಲ್ಲಿದ್ದರು. ದಿನಾ ಖಾನಾಪುರದಿಂದ ಲೋಂಡಾಕ್ಕೆ ಹೋಗಿಬರುತ್ತಿದ್ದರು. ಒಬ್ಬಳೇ ಮಗಳು.

ನಮ್ಮ ಸಮಿತಿಗೆ ಹಿಂದಿನವರಿಂದ ಬಂದ ಒಂದು ಪದ್ಧತಿ ಇತ್ತು. ಸಂಘದ ನಿಯಮಗಳಲ್ಲಿ ಅದು ಎಲ್ಲೂ ಇಲ್ಲ. ವಿಭಾಗದ ಯಾವ ವಿದ್ಯಾರ್ಥಿಯ ಮನೆಯಲ್ಲಿ ಸಾವಾದರೂ ಸಮಿತಿಯವರು ಆ ಮನೆಗೆ ಹೋಗಿ ಮಾತಾಡಿಸಿ ಬರಬೇಕು. ನಮ್ಮ ಕಡೆ ಮಾತಾಡಿಸುವುದು ಅಂದರೆ ನಾವು ಮಾತಾಡುವುದಲ್ಲ. ಹೋಗಿ ಕೂಡಬೇಕು, ಹೆಂಗಾತು ಎಂದು ಕೇಳಬೇಕು, ಅವರು ಮೊದಲಿನಿಂದ ಕೊನೆಯವರೆಗೆ ಹೇಳುವುದನ್ನು ಕೇಳಬೇಕು. ಅದೇ ಮಾತನ್ನು ಅವರು ಆಗಲೇ ಎಷ್ಟು ಮಂದಿಗೆ ಹೇಳಿರುತ್ತಾರೋ, ಆದರೂ ನಮಗೆ ಹೊಸದಾಗಿ ಹೇಳುತ್ತಾರೆ. ಆ ಮಳೆಗಾಲದಲ್ಲಿ ಇಂಥ ಎರಡು ಮನೆಗೆ ಹೋಗಿದ್ದೆವು. ಕೇಳುವ ಕೆಲಸ ಅಧ್ಯಕ್ಷನದು. ನಾನು ಗೋಡೆಗೆ ಒರಗಿ ಕೂತಿದ್ದೆ. ಭೂಗೋಳ ಸಂಘಕ್ಕೆ ಈ ಕೆಲಸ ಯಾಕೆ ಎಂದು ಆಗ ನನಗೆ ಅನಿಸಿತ್ತು.

ನವೆಂಬರಿನ ಒಂದು ಮಂಗಳವಾರ ಖಾನಾಪುರದ ಗೆಳತಿಗೆ ತರಗತಿಯಲ್ಲೇ ಫೋನ್ ಬಂತು. ಅವಳ ತಂದೆ ಬೆಳಿಗ್ಗೆ ಕೆಲಸಕ್ಕೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದಾಗ ಕುಸಿದಿದ್ದರು. ಅವಳು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೂರು ದಿನ ಬಿಟ್ಟು ಅವಳಿಂದ ಮೊಬೈಲಿಗೆ ಒಂದು ಸಂದೇಶ ಬಂತು. ತಂದೆಯ ಜಾಗದಲ್ಲಿ ಅನುಕಂಪದ ನೌಕರಿ ಸಿಗುತ್ತದೆ, ತಡಮಾಡದೆ ಅದಕ್ಕೆ ಸೇರಬೇಕೆಂದು ಕಾಕಾ ಹೇಳುತ್ತಿದ್ದಾರೆ, ಓದು ಇಲ್ಲಿಗೇ ನಿಲ್ಲುತ್ತದೆ ಎಂದಿತ್ತು. ಕೊನೆಗೆ, “ಇನ್ನ ಮ್ಯಾಲೆ ನಿರೂಪಣಿ ನೀ ಮಾಡು.”

ಪರೀಕ್ಷೆ ಶುಲ್ಕ ಕಟ್ಟಲು ಡಿಸೆಂಬರಿನ ಎರಡನೇ ಶುಕ್ರವಾರ ಕಡೆಯ ದಿನ. ಅಷ್ಟರೊಳಗೆ ಬಂದರೆ ಹಾಜರಿಯ ಕೊರತೆಯನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಮೇಡಂ ಹೇಳಿದರು. ಬರದಿದ್ದರೆ ವರ್ಷ ಹೋದಂತೆ. ಹೋದ ವರ್ಷ ತಿರುಗಿ ಬರುವುದಿಲ್ಲ ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಹಾಗೆ ಮನೆಗೆ ಹೋದ ಹುಡುಗಿಯರು ಮತ್ತೆ ಬಾರದ್ದನ್ನು ನಮ್ಮ ವಿಭಾಗದಲ್ಲೇ ಕಂಡಿದ್ದೆವು.

“ಮಾತಾಡ್ಸಾಕ ಹೋಗತೇವಲ್ಲ, ಆಗ ಅವರ ಕಾಕಾಗ ಹೇಳೂಣು,” ಅಂದೆ ನಾನು.

ಅಧ್ಯಕ್ಷ ತಲೆ ಅಲ್ಲಾಡಿಸಿದ. “ಸತ್ತ ಮನ್ಯಾಗ ಕುಂತು ಪರೀಕ್ಷಿ ಫೀ ಮಾತು ತಗೀತಿ ಏನು? ಹೊರಗ ಹಾಕತಾರ ನೋಡು. ಹಾಕದಿದ್ರೂ ನಾವ ಎದ್ದು ಬರಬೇಕು, ಅಷ್ಟು ನಾಚಿಗಿ ಆಗತೈತಿ.”

ಅವನು ಹೇಳಿದ್ದು ಸರಿ ಇತ್ತು. ಹೋಗಿ ಕೂತು ಬರುವುದಷ್ಟೇ ಎಂದು ತೀರ್ಮಾನ ಮಾಡಿದೆವು.

ಆ ಭಾನುವಾರ ಬೆಳಿಗ್ಗೆ ಸಮಿತಿಯ ಇನ್ನಿಬ್ಬರು ಹುಡುಗರೂ ಸೇರಿ ನಾವು ನಾಲ್ವರು ಬೆಳಗಾವಿಯಿಂದ ಖಾನಾಪುರದ ಬಸ್ಸು ಹತ್ತಿದೆವು. ಮನೆ ಪೇಟೆ ದಾಟಿ ಗದ್ದೆಗಳ ಅಂಚಿನಲ್ಲಿತ್ತು. ಹಂಚಿನ ಮನೆ, ಮುಂದೆ ಸೆಗಣಿಯಿಂದ ಸಾರಿಸಿದ ಅಂಗಳ. ಕಾಕಾ ಬಾಗಿಲಿಗೆ ಬಂದು ಕರೆದರು. ಅವಳ ತಂದೆಯ ತಮ್ಮ, ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಮಾಡುವವರು. ಅಳುವುದಕ್ಕೂ ಪುರುಸೊತ್ತು ಸಿಗದ ಮನುಷ್ಯನಂತೆ ಕಂಡರು. ಒಳಗೆ ಗೆಳತಿಯ ತಾಯಿ ಗೋಡೆಯ ಮೂಲೆಯಲ್ಲಿ ಕೂತಿದ್ದರು. ಬಾಗಿಲ ಬಳಿ ಅವಳ ಅಜ್ಜಿ. ಗೆಳತಿ ನಮ್ಮನ್ನು ನೋಡಿ ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತಳು.

ಅಧ್ಯಕ್ಷ ಎಂದಿನಂತೆ ಮುಂದೆ ಕೂತು, “ಹೆಂಗಾತ್ರಿ?” ಎಂದು ಕೇಳಿದ. ತಾಯಿ ಮರಾಠಿಯಲ್ಲಿ ಹೇಳತೊಡಗಿದರು. ಅವನು ನನ್ನ ಕಡೆ ತಿರುಗಿದ. ಸವದತ್ತಿ ಕಡೆಯವನಿಗೆ ಮರಾಠಿ ಒಂದಕ್ಷರ ಬಾರದು. ಉಳಿದಿಬ್ಬರಿಗೂ ಅಷ್ಟೇ. ಮರಾಠಿ ಬರುತ್ತಿದ್ದದ್ದು ಖಾಸಬಾಗದ ಓಣಿಯಲ್ಲಿ ಆಡಿ ಬೆಳೆದ ನನಗೊಬ್ಬಳಿಗೇ.

ನಾನು ಗೋಡೆ ಬಿಟ್ಟು ಮುಂದೆ ಸರಿದು ಕೂತೆ. ಬೂಟಿನ ಮಾತು, ಒಂದು ಕಾಲಿಗೆ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದ ಮಾತು, ಚಹಾ ಆರಿದ್ದು, ಪಕ್ಕದ ಮನೆಯವರು ಗಾಡಿ ತಂದದ್ದು, ಎಲ್ಲವನ್ನೂ ಆಕೆ ಹೇಳಿದರು. ನಡುನಡುವೆ ನಾನು, “ಆಮ್ಯಾಲೆ?” ಎಂದು ಮರಾಠಿಯಲ್ಲಿ ಕೇಳುತ್ತಿದ್ದೆ. ಅಷ್ಟೇ. ಆಕೆ ನನ್ನನ್ನೇ ನೋಡಿ ಹೇಳುತ್ತಿದ್ದರು. ನಾನು ಕಣ್ಣು ತಪ್ಪಿಸುವ ಹಾಗಿರಲಿಲ್ಲ. ಹೇಳಿ ಮುಗಿದ ಮೇಲೂ ಪರೀಕ್ಷೆಯ ಮಾತು ಯಾರೂ ಎತ್ತಲಿಲ್ಲ. ಗೆಳತಿ ನೆಲ ನೋಡುತ್ತಿದ್ದಳು.

ಅಧ್ಯಕ್ಷ ಕಣ್ಣಿನಲ್ಲೇ ಸನ್ನೆ ಮಾಡಿದ. ಎಲ್ಲರೂ ಎದ್ದೆವು. ನಾನು ಕೈ ಮುಗಿದು ಮರಾಠಿಯಲ್ಲಿ, “ಬರತೇವ್ರಿ,” ಅಂದುಬಿಟ್ಟೆ.

ಯಾರ ಮನೆಯಿಂದ ಹೊರಟರೂ ನಾವು ಬರುತ್ತೇವೆ ಅನ್ನುತ್ತೇವೆ. ಕನ್ನಡದವರೂ, ಮರಾಠಿಯವರೂ. ಸಾವಿನ ಮನೆಯಲ್ಲಿ ಮಾತ್ರ ಅನ್ನಬಾರದು. ಸುಮ್ಮನೆ ಎದ್ದು ಹೋಗಬೇಕು. ಅಲ್ಲಿ ಬರುತ್ತೇವೆ ಅಂದರೆ ಇನ್ನೊಂದು ಸಾವಿಗೆ ಬರುತ್ತೇವೆ ಅಂದ ಹಾಗೆ. ಸಣ್ಣ ಮಕ್ಕಳಿಗೂ ಇದನ್ನು ಹೇಳಿಕೊಟ್ಟಿರುತ್ತಾರೆ. ನನಗೂ ಅವ್ವ ಹೇಳಿಕೊಟ್ಟಿದ್ದಳು. ಆದರೆ ಹಿಂದಿನ ಎರಡೂ ಮನೆಗಳಲ್ಲಿ ನಾನು ಬಾಯಿ ತೆರೆದಿರಲಿಲ್ಲ. ತಪ್ಪಲು ಅವಕಾಶವೇ ಬಂದಿರಲಿಲ್ಲ.

ಕಾಕಾ ಮುಖ ತಿರುಗಿಸಿದರು. ಅಧ್ಯಕ್ಷನಿಗೆ ಭಾಷೆ ತಿಳಿಯದಿದ್ದರೂ ಏನಾಯಿತೆಂದು ತಿಳಿಯಿತು. ನನ್ನ ಮೊಣಕೈ ಹಿಡಿದು ಎಳೆದ. ಬಾಗಿಲ ಬಳಿಯಿದ್ದ ಅಜ್ಜಿ ಕೋಲು ಅಡ್ಡ ಇಟ್ಟಳು.

“ಪೋರೀ, ಹಂಗ ಅನಬಾರದು,” ಎಂದು ಮರಾಠಿಯಲ್ಲೇ ಅಂದಳು. ನಾನು ತಪ್ಪಾಯಿತು ಎಂದೆ. “ತಪ್ಪಾತಂದ್ರ ಮಾತು ತಿರುಗಿ ಬಾಯಾಗ ಹೋಗತೈತೇನು? ಬರತೇನಿ ಅಂದೀಯಲ್ಲ, ಬರಬೇಕು ಈಗ. ಹದಿಮೂರನೇ ದಿನ ಕಳೀಲಿ. ಆಮ್ಯಾಲೆ ಬಂದು, ಈ ಮನ್ಯಾಗ ಸಿಹಿ ಉಂಡು ಹೋಗಬೇಕು. ಮಾತು ಊಟಕ್ಕ ತೀರಲಿ, ಸಾವಿಗೆ ಉಳಿಯೂದು ಬ್ಯಾಡ.”

ಬಸ್ಸಿನಲ್ಲಿ ನಾನು ಯಾರ ಮುಖವನ್ನೂ ನೋಡಲಿಲ್ಲ. ಬೆಳಗಾವಿ ಹತ್ತಿರ ಬಂದಾಗ ಅಧ್ಯಕ್ಷನೇ ಮಾತು ತೆಗೆದ. “ಅಜ್ಜಿ ಏನಂದ್ಳು, ಇನ್ನೊಮ್ಮೆ ಸರಿಯಾಗಿ ಹೇಳು.” ಹೇಳಿದೆ. “ಹಂಗಾರ ಅದು ಊಟಕ್ಕ ಕರದದ್ದು. ಮಾತಾಡ್ಸೂದಲ್ಲ,” ಅಂದ. “ಉಣ್ಣಾಕ ಹ್ವಾದ ಮನ್ಯಾಗ ಯಾವ ಮಾತು ಬೇಕಾದ್ರೂ ಆಡಬಹುದು.”

ನನಗೂ ಆಗಲೇ ಹೊಳೆದದ್ದು. ಹದಿಮೂರು ದಿನ ಕಳೆದು ಬರುವ ಭಾನುವಾರಕ್ಕೂ ಶುಲ್ಕದ ಶುಕ್ರವಾರಕ್ಕೂ ನಡುವೆ ಐದು ದಿನ ಉಳಿಯುತ್ತಿತ್ತು.

ಊಟಕ್ಕೆ ಹೋದಾಗ ಬರಿಗೈಲಿ ಮಾತಾಡಿದರೆ ಕಾಕಾ ಕೇಳುವುದಿಲ್ಲ. ಬೆಳಗಾವಿ ರೈಲ್ವೆ ನಿಲ್ದಾಣದ ಬಾಜು ರೈಲ್ವೆ ನೌಕರರ ಸಂಘದ್ದೊಂದು ಕೋಣೆ ಇದೆ. ನಾನು ಅಲ್ಲಿಗೆ ಹೋದೆ, ಒಬ್ಬಳೇ. ಬಾಗಿಲಲ್ಲಿ ನಿಂತು ತಿರುಗಿ ಹೋಗೋಣ ಎಂದು ಅನಿಸಿತು. ಮೇಜಿನ ಹಿಂದಿದ್ದ ಹಿರಿಯರು ತಲೆ ಎತ್ತಿದರು.

“ಯಾರು ಬೇಕವಾ?”

ವಿಷಯ ಹೇಳಿದೆ.

“ನೀ ಮಗಳೇನು?”

“ಅಲ್ರಿ. ಸಮಿತಿಯಾಕಿ.”

“ಯಾವ ಸಮಿತಿ?”

“ಭೂಗೋಳ ಸಂಘದ್ದು.”

ಅವರು ಕನ್ನಡಕ ತೆಗೆದರು. “ಭೂಗೋಳಕ್ಕೂ ರೈಲ್ವೆಗೂ ಏನ ಸಂಬಂಧವಾ?”

“ನಮ್ಮ ಸಮಿತಿಯಾಕಿ ಅಪ್ಪ ತೀರಿಕೊಂಡಾರ್ರಿ. ಸಮಿತಿಯವರು ಕೇಳಬೇಕಲ್ರಿ,” ಅಂದೆ.

ಅವರಿಗೆ ಅದು ಸರಿ ಅನಿಸಿತು. “ಕುಂದರು,” ಅಂದರು.

ಆ ಕುರ್ಚಿಯಲ್ಲಿ ಕೂತದ್ದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ನನ್ನ ಸಲುವಾಗಿ ಆಗಿದ್ದರೆ ಬಾಗಿಲಿನಿಂದಲೇ ತಿರುಗುತ್ತಿದ್ದೆ. ನನ್ನ ಹೆಸರಿನ ಮುಂದೆ ಕಾರ್ಯದರ್ಶಿ ಎಂಬ ಪದ ಇಲ್ಲದಿದ್ದರೂ ತಿರುಗುತ್ತಿದ್ದೆ. ಇನ್ನೊಬ್ಬರ ಪರವಾಗಿ ನಿಲ್ಲುವವರಿಗೆ ನಾಚಿಕೆಪಡಲು ಜಾಗ ಇರುವುದಿಲ್ಲ. ಇದನ್ನು ಯಾವ ಪ್ರಮಾಣಪತ್ರದಲ್ಲೂ ಬರೆದುಕೊಡುವುದಿಲ್ಲ.

ಅವರು ತಿಳಿಸಿದ್ದು ಇಷ್ಟು: ಅರ್ಜಿ ಈಗಲೇ ಕೊಡಲಿ, ಓದು ಮುಗಿಯುವವರೆಗೆ ಸಮಯ ಕೇಳಲಿ. ಕೊಡುತ್ತಾರೆ ಎಂದು ನಾನು ಮಾತು ಕೊಡಲಾರೆ, ಆದರೆ ಕೇಳಲು ಬರುತ್ತದೆ.

ಹದಿಮೂರನೇ ದಿನ ಕಳೆದ ಮೇಲಿನ ಭಾನುವಾರ ನಾನೂ ಅಧ್ಯಕ್ಷನೂ ಹೋದೆವು. ಅಜ್ಜಿ ಅಂಗಳದಲ್ಲೇ ಕಾಯುತ್ತಿದ್ದಳು. “ಬಂದಿ?” ಎಂದು ನನ್ನ ಕೆನ್ನೆಗೆ ಮೆಲ್ಲಗೆ ತಟ್ಟಿ ಒಳಗೆ ಬಿಟ್ಟಳು. ಅನ್ನ, ಸಾರು, ಹುರುಳಿ ಉಸಳಿ. ಕೊನೆಗೆ ಬೆಲ್ಲ ಹಾಕಿದ ಅಕ್ಕಿ ಖೀರು. ತಾಯಿಯೇ ಬಡಿಸಿದರು. ನಾನು ಖೀರಿನ ಬಟ್ಟಲು ಖಾಲಿ ಮಾಡುವವರೆಗೆ ಅಜ್ಜಿ ಎದುರಿಗೆ ಕೂತಿದ್ದಳು. ಆಮೇಲೆ, “ಆತು, ತೀರಿತು,” ಅಂದಳು.

ಆಗ ನಾನು ಕಾಕಾನ ಕಡೆ ತಿರುಗಿ ಮರಾಠಿಯಲ್ಲೇ ರೈಲ್ವೆ ಸಂಘದವರು ಹೇಳಿದ್ದನ್ನು ಹೇಳಿದೆ. ಅವರು ಕೈ ತೊಳೆಯದೆ ಕೇಳಿಸಿಕೊಂಡರು.

“ಸಮಯ ಕೇಳಬಹುದು. ಕೊಡದಿದ್ರ?” ಅಂದರು.

“ಗೊತ್ತಿಲ್ರಿ.”

“ನಿನಗ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಅಣ್ಣ ಇಷ್ಟು ವರ್ಷ ಬಿಸಲಾಗ ಹಳಿ ಮ್ಯಾಲೆ ನಡದಾನ. ಅದರಿಂದ ಸಿಗೂದು ಇದೊಂದ ನೌಕರಿ. ಭಟ್ಟಿಯಾಗ ನಂದು ಇವತ್ತು ಕೆಲಸ ಐತಿ, ಮಳಿ ಬಂದ್ರ ಇಲ್ಲ. ಹೋದ ವರ್ಷ ಬರತೈತಿ ಪೋರೀ, ಹೋದ ನೌಕರಿ ಬರೂದಿಲ್ಲ.”

ಅವರು ಕೆಟ್ಟವರಲ್ಲ, ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಅಧ್ಯಕ್ಷ ತಟ್ಟೆ ನೋಡುತ್ತ ಕೂತ. ಗೆಳತಿ, “ಬಿಡ ಇನ್ನ,” ಎಂದು ಕನ್ನಡದಲ್ಲಿ ನನಗಷ್ಟೇ ಕೇಳುವಂತೆ ಅಂದಳು.

ಒಳಗಿನಿಂದ ತಾಯಿ ಕೈಯಲ್ಲಿ ಖೀರಿನ ಪಾತ್ರೆ ಹಿಡಿದೇ ಬಂದರು. “ನೀ ಅಲ್ಲಿ ಹೋಗಿದ್ದಿಯಲ್ಲ,” ಎಂದು ನನ್ನನ್ನು ಕೇಳಿದರು, “ಹೆಂಡತಿಗೆ ಕೊಡತಾರೇನು ಅಂತ ಕೇಳಿದಿ?”

“ಇಲ್ರಿ,” ಅಂದೆ. ನನಗೆ ಅದು ಹೊಳೆದೇ ಇರಲಿಲ್ಲ.

“ವೈನಿ, ನೀವಾ?” ಕಾಕಾ ಅತ್ತಿಗೆಯ ಕಡೆ ತಲೆ ಎತ್ತಿದರು. “ಹಳಿ ಮ್ಯಾಲೆ ನೀವು ಏನ ಮಾಡ್ತೀರಿ?”

“ಎಲ್ಲಾರೂ ಹಳಿ ಮ್ಯಾಲೆನ ಇರತಾರೇನು? ಆಫೀಸಿನ್ಯಾಗ ಕಾಗದ ಕೊಡೂದು, ನೀರು ಕೊಡೂದು ಇರೂದಿಲ್ಲ? ಏಳನೆತ್ತೆ ತನಕ ಸಾಲಿ ಕಲತೇನಿ ನಾ. ನಲವತ್ತೂ ಆಗಿಲ್ಲ ನನಗ. ಹದಿನೈದು ದಿನದ ಮ್ಯಾಲಾತು, ಎಲ್ಲಾರೂ ಇಕಿಗೆ ಕೇಳಾಕತ್ತೀರಿ. ನನ್ನ ಯಾರರ ಕೇಳಿದ್ರಿ?”

ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆಕೆಯ ಎದುರಿಗೇ ಕೂತು ಒಂದು ಸಾವಿನ ಪೂರ್ತಿ ಕಥೆ ಕೇಳಿಕೊಂಡು ಬಂದವಳು ನಾನು.

“ನಾಳೆ ಕೇಳಿ ಹೇಳತೇನ್ರಿ,” ಅಂದೆ.

“ನೀ ಯಾಕ? ನಾನ ಬರತೇನಿ,” ಅಂದರು.

ಕಾಕಾ ಕೈ ತೊಳೆಯಲು ಎದ್ದು ಹೋದರು. ತಿರುಗಿ ಬಂದು, “ಕಾಗದಪತ್ರ ಎಲ್ಲಾ ಚೀಲದಾಗ ಹಾಕಿ ಕೊಡತೇನಿ,” ಅಂದರು. ಅದೇ ಅವರ ಒಪ್ಪಿಗೆ.

ಮಂಗಳವಾರ ಅಮ್ಮ, ಮಗಳು ಇಬ್ಬರೂ ಬೆಳಗಾವಿಗೆ ಬಂದರು. ನಾನು ನಿಲ್ದಾಣದ ಮುಂದೆ ಕಾಯುತ್ತಿದ್ದೆ. ಸಂಘದ ಕೋಣೆಯಲ್ಲಿ ಅದೇ ಹಿರಿಯರಿದ್ದರು. ನನ್ನನ್ನು ನೋಡಿ, “ಬಂತು ನೋಡ್ರಿ ಭೂಗೋಳ,” ಅಂದರು. ನಾನು ಮಾತು ಶುರು ಮಾಡಲು ಹೋದೆ. ತಾಯಿ ನನ್ನ ಕೈ ಮೇಲೆ ಕೈ ಇಟ್ಟರು. ಹಿತವಾಗಿಯೇ, ಆದರೆ ನಾನು ಸುಮ್ಮನಾಗುವಷ್ಟು ಗಟ್ಟಿಯಾಗಿ. ಆಮೇಲೆ ಹೋಗಿ ಮೇಜಿನ ಎದುರು ನಿಂತು, ತಡವರಿಸುವ ಕನ್ನಡದಲ್ಲಿ, ತನ್ನ ಗಂಡನ ಹೆಸರು ಹೇಳಿದರು, ಅವರಿದ್ದ ಹಳಿ ಗ್ಯಾಂಗಿನ ನಂಬರು ಹೇಳಿದರು, ಆ ನೌಕರಿ ತನಗೆ ಬರುತ್ತದೋ ಇಲ್ಲವೋ ಕೇಳಿದರು.

“ಮೊದಲ ಹಕ್ಕು ನಿಮ್ಮದ ಅವ್ವಾರ,” ಅಂದರು ಹಿರಿಯರು. “ನೀವು ಒಲ್ಲೆ ಅಂದ್ರಷ್ಟ ಮಕ್ಕಳಿಗೆ. ಕುಂದರ್ರಿ. ಇದಕ್ಕ ದಿನ ಹಿಡೀತಾವು, ಮೊದಲ ಹೇಳತೇನಿ.”

“ಹಿಡೀಲಿ,” ಅಂದರು ಆಕೆ. ಕೂತು, ಚೀಲ ತೆರೆದು, ಮಗಳ ಕಡೆ ತಿರುಗಿ ಮರಾಠಿಯಲ್ಲಿ ಅಂದರು: “ನೀ ಇಲ್ಲಿ ಯಾಕ ನಿಂತಿ? ಫೀ ಕಟ್ಟು ಹೋಗು.”

ನನ್ನ ಗೆಳತಿ ಕದಲಲಿಲ್ಲ. ಅಮ್ಮನನ್ನು ಒಬ್ಬಳನ್ನೇ ಬಿಟ್ಟು ಹೋಗಲು ಅವಳಿಗೆ ಆಗಲಿಲ್ಲ. ತಾಯಿ ಕಾಗದಗಳನ್ನು ಮೇಜಿನ ಮೇಲೆ ಒಂದೊಂದಾಗಿ ಹರಡತೊಡಗಿದರು. ನಾವು ಸ್ವಲ್ಪ ಹೊತ್ತು ನಿಂತು ಹೊರಗೆ ಬಂದೆವು. ಕಾಕತಿ ಮೇಲೆ ಹೋಗುವ ಬಸ್ಸು ತುಂಬಿತ್ತು. ಇಬ್ಬರೂ ನಿಂತೇ ಹೋದೆವು. ಅವಳು ಅಳುತ್ತಿದ್ದಳು, ತಂದೆ ಹೋದ ಮೇಲೆ ಅವಳು ಅತ್ತದ್ದನ್ನು ನಾನು ಕಂಡದ್ದು ಅಂದೇ. ನಾನು ಬಾಜು ನಿಂತಿದ್ದೆ. ವಿಶ್ವವಿದ್ಯಾಲಯದ ಮುಂದೆ ಇಳಿದವಳೇ ಮುಖ ಒರೆಸಿಕೊಂಡು, ಶುಲ್ಕ ಕಟ್ಟುವ ಕಿಟಕಿ ಊಟದ ಹೊತ್ತಿಗೆ ಮುಚ್ಚುತ್ತದೆ ಎಂದು ನನಗಿಂತ ಮುಂದೆ ನಡೆದಳು.